ಒಳಗೆ ಬಿಟ್ಟ ನಾಲ್ಕು ಇಂಚು

ಅಂಗಡಿಗೆ ಬೇಟೆಯ ಹೊಸ ಸೂಟು ಬಂದ ದಿನ ಮಾಸ್ತರು ಅದರ ಅಂಚನ್ನು ಎಡಗಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಉಜ್ಜುತ್ತಿದ್ದರು. ವರ್ಷಗಟ್ಟಲೆ ಸೂಜಿ ಒತ್ತಿದ ಆ ಹೆಬ್ಬೆರಳಿನ ತುದಿ ಹುಣಸೆಬೀಜದ ಹಾಗೆ ಗಟ್ಟಿಯಾಗಿ ಹೊಳೆಯುತ್ತಿತ್ತು. ಒಣ ಎಲೆ ತುಳಿದಂಥ ಸದ್ದು ಬಂದರೆ ಮುಖ ಸಿಂಡರಿಸಿ ಪಕ್ಕಕ್ಕೆ ಇಡುವರು. ಸದ್ದೇ ಬರದಿದ್ದರೆ ಕಣ್ಣು ತೆರೆದು, "ಇದು ಮಾತಾಡೂದಿಲ್ಲ, ಇರಲಿ" ಎನ್ನುವರು.

ಹ್ಯೂಸ್ಟನ್ನಿನ ಪಶ್ಚಿಮಕ್ಕೆ ಕೇಟಿಯಲ್ಲಿ ಬೇಟೆ ಸಾಮಾನಿನ ಒಂದು ಅಂಗಡಿ. ಅದರ ಹಿಂಭಾಗದಲ್ಲಿ ಚಳಿ ಬಟ್ಟೆಗಳ ವಿಭಾಗ ಅವರದು. ಬೆಟಗೇರಿಯಲ್ಲಿ ಟೇಲರ್ ಆಗಿದ್ದವರು, ನರ್ಸ್ ಆಗಿದ್ದ ಹೆಂಡತಿಗೆ ಇಲ್ಲಿ ಕೆಲಸ ಸಿಕ್ಕಿದಾಗ ಜೊತೆಗೆ ಬಂದರು. ಮೊದಲು ಹಿಂದಿನ ಕೋಣೆಯಲ್ಲಿ ಹರಿದ ಟೆಂಟು, ಕೆಟ್ಟ ಜಿಪ್ಪು ರಿಪೇರಿ ಮಾಡುತ್ತಿದ್ದರಂತೆ. ರಿಪೇರಿಗೆ ಬಂದ ಗಿರಾಕಿಗಳು "ಹಾಗಾದರೆ ಯಾವುದನ್ನು ಕೊಳ್ಳಲಿ?" ಎಂದು ಇವರನ್ನೇ ಕೇಳತೊಡಗಿದ ಮೇಲೆ ಮಾಲೀಕ ಅವರನ್ನು ಮುಂದಕ್ಕೆ ಕರೆದ. ಕೇಟಿಯ ಕನ್ನಡದ ಮನೆಗಳಿಗೆ ಅವರು ಟೇಲರ್ ಅಂಕಲ್. ಬೇಟೆಗಾರರಿಗೆ ಮಿಸ್ಟರ್ ಜಿಪ್. ಎರಡು ವರ್ಷ ಅವರ ಕೈಕೆಳಗೆ ಪಾರ್ಟ್ ಟೈಮ್ ದುಡಿದ ನನಗೆ ಮಾಸ್ತರು.

ನಮ್ಮ ಮನೆಯಲ್ಲಿ ಡಿಗ್ರಿ ಎಂಬ ಮಾತು ಯಾರಿಗಾದರೂ ಜ್ವರ ಬಂದಾಗ ಮಾತ್ರ ಕೇಳುತ್ತಿತ್ತು. ಅಪ್ಪ ಮಂಡ್ಯದ ಕಡೆ ಮದುವೆ ಅಡುಗೆ ಮಾಡುತ್ತಿದ್ದವರು, ಓದಿದ್ದು ಐದನೇ ಕ್ಲಾಸು. ಅಮ್ಮನಿಗೆ ಸಹಿ ಹಾಕುವುದಷ್ಟೇ ಬರುತ್ತದೆ. ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯ ಒಂದು ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲಲು ಅಪ್ಪ ಬಂದಾಗ ನನಗೆ ಹದಿನಾಲ್ಕು ವರ್ಷ. ಕಾಲೇಜಿನಲ್ಲಿ ನಾನು ವನ್ಯಜೀವಿ ವಿಜ್ಞಾನ ತೆಗೆದುಕೊಂಡೆ. "ಕಂಪ್ಯೂಟರ್ ಯಾಕೆ ಬೇಡವಂತೆ?" ಎಂದು ಕೇಳಿದವರಿಗೆಲ್ಲ ಅಪ್ಪ, "ಅವಳು ಜಿಂಕೆ ಎಣಿಸ್ತಾಳಂತೆ" ಎನ್ನುತ್ತಿದ್ದರು. ಅದರಲ್ಲಿ ಹೆಮ್ಮೆ ಎಷ್ಟು, ಗಾಬರಿ ಎಷ್ಟು ಎಂದು ಆಗ ನನಗೆ ಗೊತ್ತಾಗುತ್ತಿರಲಿಲ್ಲ.

ಜಿಂಕೆ ಎಣಿಸುವುದು ನಿಜವೇ. ಡಿಗ್ರಿಗೆ ಒಂದು ಫೀಲ್ಡ್ ಕೋರ್ಸು ಕಡ್ಡಾಯ. ಜನವರಿಯಲ್ಲಿ ಡಲ್ಲಾಸ್‌ನಿಂದ ಎರಡು ಗಂಟೆ ಉತ್ತರಕ್ಕೆ ಹೋಗಿ, ಬೇಟೆಗಾರರು ಮರಕ್ಕೆ ಕಟ್ಟಿದ ಅಟ್ಟಣೆ ಹತ್ತಿ, ಹತ್ತು ದಿನ ಬೆಳಗಿನ ಹೊತ್ತು ಮೂರು ಮೂರು ಗಂಟೆ ಅಲುಗಾಡದೆ ಕೂತು ಬಂದ ಜಿಂಕೆಗಳನ್ನು ಬರೆದುಕೊಳ್ಳಬೇಕು. ಮೊದಲ ಸಲ ನಾನು ಎರಡನೇ ದಿನವೇ ಸೋತೆ. ಮೂರು ಸ್ವೆಟರು, ಮೇಲೊಂದು ಜಾಕೆಟ್ಟು ಹಾಕಿಕೊಂಡು ವ್ಯಾನಿನಿಂದ ಮರದವರೆಗೆ ಬಿರಬಿರನೆ ನಡೆದಿದ್ದೆ. ಅಟ್ಟಣೆ ಹತ್ತಿ ಕೂತ ಅರ್ಧ ಗಂಟೆಗೆ ಹಲ್ಲು ಕಟಕಟ ಎನ್ನತೊಡಗಿತು, ಬೆರಳು ಪೆನ್ಸಿಲ್ಲು ಹಿಡಿಯಲಿಲ್ಲ. ಇಳಿದುಬಿಟ್ಟೆ. "ಮುಂದಿನ ಜನವರಿ ಇನ್ನೊಂದು ಸಲ ನೋಡೋಣ. ಆಗಲೂ ಆಗದಿದ್ದರೆ ಬೇರೆ ವಿಷಯ ಆರಿಸಿಕೋ" ಎಂದರು ಪ್ರೊಫೆಸರ್. ಬೇರೆ ವಿಷಯ ಎಂದರೆ ಇನ್ನೆರಡು ವರ್ಷ. ಅಷ್ಟು ಓದಿಸುವ ಶಕ್ತಿ ಅಪ್ಪನಿಗಿರಲಿಲ್ಲ. ಮನೆಯಲ್ಲಿ ನಾನು ಬಾಯಿ ಬಿಡಲಿಲ್ಲ. ಆ ವರ್ಷವೇ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ, ಮಾಸ್ತರ ವಿಭಾಗಕ್ಕೆ ಹಾಕಿದರು. ಅವರಿಗೂ ಹೇಳಲಿಲ್ಲ.

ಬಾಡಿ ಸೂಟ್ ಎಂದರೆ ಏನೆಂದು ಅವರು ನನಗೆ ಒಂದೇ ಮಾತಿನಲ್ಲಿ ಹೇಳಿದ್ದರು: "ಜಿಪ್ಪಿನ ಕೌದಿ." ಭುಜದಿಂದ ಪಾದದವರೆಗೆ ಒಂದೇ ಚೀಲ, ಒಳಗೆಲ್ಲ ಗಾದಿಯಲ್ಲಿರುವಂತೆ ತುಪ್ಪಳದಂಥ ತುಂಬು, ಮುಂದೆ ಉದ್ದಕ್ಕೆ ಜಿಪ್ಪು. ಬೇಟೆಗಾರ ಅದರೊಳಗೆ ಹೊಕ್ಕು ಕೂರುತ್ತಾನೆ. ಜಿಂಕೆ ಕಂಡಾಗ ಜಿಪ್ಪು ಇಳಿಸಿ, ಎದ್ದು ನಿಂತು, ಬಿಲ್ಲು ಎಳೆಯುತ್ತಾನೆ.

ಗಿರಾಕಿ ಬಂದರೆ ಮಾಸ್ತರರ ಮೊದಲ ಪ್ರಶ್ನೆ ಬೆಲೆಯದಲ್ಲ, ಬ್ರ್ಯಾಂಡಿನದಲ್ಲ. "ವಾಕ್ ಆರ್ ಸಿಟ್?" ನಡೆಯುವವನಿಗೆ ಬಾಡಿ ಸೂಟು ಕೊಡುತ್ತಲೇ ಇರಲಿಲ್ಲ, ತೆಳುವಾದ ಕೋಟು ಪ್ಯಾಂಟು ತೋರಿಸಿ ಕಳಿಸುವರು. ಕೂರುವವನನ್ನು ಮರದ ಸ್ಟೂಲಿನ ಮೇಲೆ ಕೂರಿಸಿ, ಸೂಟು ತೊಡಿಸಿ, ಎದೆಗೂ ಜಿಪ್ಪಿಗೂ ನಡುವೆ ತಮ್ಮ ಮುಷ್ಟಿ ತೂರಿಸುವರು. ಒಂದು ಮುಷ್ಟಿ ಹಿಡಿಸಬೇಕು. ಹಿಡಿಸದಿದ್ದರೆ ತುಂಬು ಒತ್ತಿಹೋಗಿ ತಣ್ಣಗಾಗುತ್ತದೆ. ಎರಡು ಮುಷ್ಟಿ ಹಿಡಿಸಿದರೆ ಒಳಗಿನ ಗಾಳಿಯನ್ನು ಬೆಚ್ಚಗಿಡುವುದರಲ್ಲೇ ಮೈ ಸೋಲುತ್ತದೆ. ಆಮೇಲೆ ಬೆನ್ನಿನ ಸೀಳು ನೋಡುವರು. ಬೀಳದಂತೆ ಮರಕ್ಕೆ ಕಟ್ಟಿಕೊಳ್ಳುವ ಪಟ್ಟಿ ಅದರಿಂದ ಹೊರಗೆ ಬರಬೇಕು. ಸೀಳಿಲ್ಲದ ಸೂಟು ಎಷ್ಟೇ ಚೆಂದವಿದ್ದರೂ ಮಾರುತ್ತಿರಲಿಲ್ಲ. ನಮ್ಮ ಹ್ಯೂಸ್ಟನ್ ಸುತ್ತ ಕೂರುವವನಿಗೆ ಹಕ್ಕಿ ಪುಕ್ಕದ ತುಂಬು ಬೇಡವೇ ಬೇಡ ಎನ್ನುವರು. "ಇಲ್ಲಿ ಚಳಿ ಹಸಿ ಚಳಿ. ಹತ್ತಿ ಗಾದಿ ತೊಯ್ದರ ಏನಾಗ್ತದ? ಮುದ್ದಿ. ಇದೂ ಹಂಗ."

ಡಲ್ಲಾಸ್‌ನಿಂದ ಒಮ್ಮೆ ಕಂಪನಿಯ ಮಾರಾಟದ ಹುಡುಗಿಯೊಬ್ಬಳು ಹೊಸ ಮಾದರಿ ತಂದಿದ್ದಳು. ಒಳಗೆ ಎಷ್ಟು ಪದರ, ಯಾವ ತಂತ್ರಜ್ಞಾನ ಎಂದು ಕಾಲು ಗಂಟೆ ಹೇಳಿದಳು. ಮಾಸ್ತರು ಪೂರ್ತಿ ಕೇಳಿ, ಜಿಪ್ಪು ಹಿಡಿದು ಒಂದೇ ಸಲ ಸರ್ರನೆ ಎಳೆದರು. ಅಂಗಡಿಯ ಆ ಬದಿಯ ಗಿರಾಕಿ ತಿರುಗಿ ನೋಡಿದ. "ಮೇಡಂ, ಸೂಟ್ ಈಸ್ ಗುಡ್" ಎಂದರು ಮಾಸ್ತರು. "ಬಟ್ ಡೀರ್ ಆಲ್ಸೊ ಹಿಯರಿಂಗ್." ಜಿಂಕೆಗೂ ಕಿವಿ ಇದೆ ಎಂದು. ಅವಳು ನಕ್ಕು, ಬರೆದುಕೊಂಡು ಹೋದಳು. ಮುಂದಿನ ವರ್ಷ ಅದೇ ಸೂಟು ಮೆತ್ತನೆ ಜಿಪ್ಪಿನೊಂದಿಗೆ ಬಂತು.

ಮಾಸ್ತರು ಮೊಟ್ಟೆಯನ್ನೂ ಮುಟ್ಟದವರು. ಜನ್ಮದಲ್ಲಿ ಬೇಟೆಗೆ ಹೋದವರಲ್ಲ. "ನಿಮಗೇನು ಗೊತ್ತು ಶಿಕಾರಿ ವಿಷಯ, ಮಾಸ್ತರ್?" ಎಂದು ನಾನೊಮ್ಮೆ ಕೆಣಕಿದ್ದೆ.

"ಶಿಕಾರಿ ಅಂದ್ರ ಏನಂತ ತಿಳಿದೀಯವ್ವಾ? ಕುಂದ್ರೂದು. ಗುಂಡು ಹಾರ್ಸೂದು ಒಂದು ನಿಮಿಷ, ಕುಂದ್ರೂದು ಆರು ತಾಸು. ಮೂವತ್ತು ವರ್ಷ ಮಷೀನ್ ಮುಂದ ಕುಂತೀನಿ. ಕುಂದ್ರೂದರಾಗ ನನ್ನ ಮೀರ್ಸೋ ಶಿಕಾರಿ ಈ ಟೆಕ್ಸಸ್‌ದಾಗ ಯಾವನದಾನ, ಕರಕೊಂಬಾ."

ಇಂಥವರ ಕೈಕೆಳಗೆ ಇದ್ದೂ ನಾನು ಒಂದು ತಪ್ಪು ಮಾಡಿದೆ.

ನಾನು ಕೆಲಸಕ್ಕೆ ಸೇರಿದ ವರ್ಷ, ಅಕ್ಟೋಬರಿನ ಕೊನೆಗೆ ಮಾಸ್ತರು ರಜೆಯಲ್ಲಿದ್ದ ಒಂದು ಶನಿವಾರ ಆಸ್ಟಿನ್‌ನಿಂದ ನಿವೃತ್ತ ಎಲೆಕ್ಟ್ರಿಶಿಯನ್ ಒಬ್ಬರು ಬಂದರು. ಪ್ರತಿ ನವೆಂಬರಿನಲ್ಲಿ ಉತ್ತರದ ರಾಜ್ಯಗಳಿಗೆ ಬಿಲ್ಲು ಬೇಟೆಗೆ ಹೋಗುವವರು, ಮಾಸ್ತರ ಹಳೆಯ ಗಿರಾಕಿ. ನನಗಿಂತ ಎರಡು ಬೆರಳು ಎತ್ತರ ಅಷ್ಟೆ. ನಾನು ಅವರಿಗೆ ಒಂದು ಸೈಜು ದೊಡ್ಡದು, ಅದೂ ಎತ್ತರದವರ ಅಳತೆಯದು ಕೊಟ್ಟೆ. ಮುಷ್ಟಿ ತೂರಿಸಿ ನೋಡಲಿಲ್ಲ. ಸಡಿಲ ಇದ್ದಷ್ಟೂ ಒಳ್ಳೆಯದು ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಬರುವುದಾಗಿ ಮೊದಲೇ ಫೋನ್ ಮಾಡಿದ್ದ ಅವರು, ಮಾಸ್ತರೇ ಆರಿಸಿಟ್ಟು ಹೋಗಿರಬೇಕು ಎಂದುಕೊಂಡು ಒಯ್ದರು.

ಮೂರು ವಾರದ ಮೇಲೆ ಅವರು ಆ ಸೂಟನ್ನು ತಂದು ಕೌಂಟರಿನ ಮೇಲೆ ಹಾಕಿದರು. ಬಿಲ್ಲು ಎಳೆಯಲು ಎದ್ದಾಗ ಹೆಚ್ಚಿನ ಬಟ್ಟೆ ಪಾದದ ಕೆಳಗೆ ಮುದುರಿ, ಕಾಲು ಜಾರಿತ್ತು. ಬೆನ್ನಿನ ಪಟ್ಟಿ ಹಿಡಿದದ್ದರಿಂದ ನೇತಾಡಿ ಉಳಿದಿದ್ದರು. ಮೊಣಕಾಲು ತರಚಿದ್ದು ಬಿಟ್ಟರೆ ಬೇರೆ ಪೆಟ್ಟಿರಲಿಲ್ಲ.

"ಮಿಸ್ಟರ್ ಜಿಪ್, ಇದನ್ನು ಆರಿಸಿದವರು ಯಾರು?" ಎಂದು ಕೇಳಿದರು. ನಾನು ಮಾಸ್ತರ ಪಕ್ಕದಲ್ಲೇ ನಿಂತಿದ್ದೆ.

"ನಾನು" ಎಂದರು ಮಾಸ್ತರು. ಆ ಮನುಷ್ಯ ನನ್ನನ್ನು ನೋಡಿದರು, ಅವರನ್ನು ನೋಡಿದರು, ತಲೆಯಾಡಿಸಿದರು. ಮಾಸ್ತರು ಸರಿಯಾದ ಅಳತೆಯದನ್ನು ತಾವೇ ಕೂರಿಸಿ ನೋಡಿ ಕೊಟ್ಟು, ಬಾಗಿಲವರೆಗೆ ಕಳಿಸಿ ಬಂದರು.

ನನಗೆ ಅಳು ಬಂದಿತ್ತು. "ಯಾಕೆ ನೀವಂದ್ರಿ ಮಾಸ್ತರ್? ನಾನಲ್ವಾ ಕೊಟ್ಟಿದ್ದು?"

"ಅಂಗಡ್ಯಾಗ ಅಳತಿ ನಂದು. ನೀ ಅಳಬ್ಯಾಡ, ಹೇಳು. ಅಷ್ಟು ದೊಡ್ಡದು ಯಾಕ ಕೊಟ್ಟಿ?"

ಹೇಳಿದೆ. ಮಂಡ್ಯದ ನಮ್ಮ ಬೀದಿಯಲ್ಲಿ ಮಕ್ಕಳಿಗೆ ಬಟ್ಟೆ ಹೊಲಿಸುತ್ತಿದ್ದುದೇ ಬೆಳೆಯೋ ಅಳತೆಗೆ. ನನ್ನ ಯೂನಿಫಾರ್ಮ್ ಲಂಗ ನಾಲ್ಕು ವರ್ಷ ಬಂತು. ಅಮ್ಮ ವರ್ಷಕ್ಕೊಂದು ಮಡಿಕೆ ಬಿಚ್ಚುತ್ತಿದ್ದಳು. ಬಿಚ್ಚಿದಲ್ಲಿ ಮಾಸದ ಹೊಸ ನೀಲಿಯ ಪಟ್ಟಿ ಎದ್ದು ಕಾಣುತ್ತಿತ್ತು. ಕ್ಲಾಸಿನ ಹುಡುಗಿಯರು ಅವನ್ನು ಎಣಿಸಿ, "ಇವಳ ಲಂಗದಲ್ಲಿ ಮೂರು ಗೆರೆ" ಎಂದು ನಗುತ್ತಿದ್ದರು. ನಾನು ಪುಸ್ತಕದ ಚೀಲವನ್ನು ಮುಂದೆ ಇಳಿಬಿಟ್ಟುಕೊಂಡು ನಡೆಯುತ್ತಿದ್ದೆ. ಆದರೂ ದೊಡ್ಡ ಬಟ್ಟೆ ಎಂದರೆ ಒಳ್ಳೆಯ ಬಟ್ಟೆ ಎಂಬುದು ತಲೆಯಲ್ಲಿ ಕೂತುಬಿಟ್ಟಿತ್ತು.

ಮಾಸ್ತರು ನಕ್ಕರು. "ಅಂಥಾ ಲಂಗ ಸಾವಿರ ಹೊಲಿದೀನವ್ವಾ. ಆದರ ನಾವು ಮಡಿಕಿ ಒಳಗ ಹಾಕಿ ಹೊಲಿತಿದ್ವಿ. ಹುಡುಗಿಗೆ ಅಂದಿಗೆ ಎಷ್ಟು ಬೇಕೋ ಅಷ್ಟು ಹೊರಗ, ನಾಳಿಂದು ಒಳಗ. ನೀ ನಾಳಿಂದನ್ನೂ ಇವತ್ತ ಅವನ ಕಾಲಾಗ ಹಾಕೀದಿ."

ಆ ಮಾತಿಗೆ ನನ್ನ ಬಾಯಿಯೂ ಬಿಚ್ಚಿತು. ಹಿಂದಿನ ಜನವರಿಯ ಸೋಲು, ಮುಂದಿನ ಜನವರಿಯ ಭಯ, ಮನೆಯಲ್ಲಿ ಮುಚ್ಚಿಟ್ಟದ್ದು ಎಲ್ಲ ಹೇಳಿಬಿಟ್ಟೆ. ಅವರು ಕೇಳಿದ್ದು ಒಂದೇ.

"ಗಾಡಿಯಿಂದ ಮರದ ತನಕ ಎಲ್ಲಾ ಹಾಕ್ಕೊಂಡ ನಡದೀ?"

"ಹೂಂ."

"ಬೆವತೀ?"

"ಹೂಂ, ಚೆನ್ನಾಗೇ ಬೆವ್ತಿದ್ದೆ."

"ಮತ್ತ ಚಳಿ ಎಲ್ಲಿಂದ ಬಂತು ಅಂತೀ? ನೀನ ಹೊತ್ಕೊಂಡ ಹ್ವಾದಿ. ನಡಿಯೂಮುಂದ ಹೆಗಲಮ್ಯಾಲ, ಕುಂತಮ್ಯಾಲ ಮೈಮ್ಯಾಲ. ಇಷ್ಟ ನೆನಪಿಡು."

ವಾಪಸು ಬಂದ ಸೂಟನ್ನು ಹೊಸದೆಂದು ಮಾರುವಂತಿರಲಿಲ್ಲ. ಮಾಲೀಕನನ್ನು ಕೇಳಿ ಮಾಸ್ತರು ಅದನ್ನು ಹಿಂದಿನ ಕೋಣೆಗೆ ಒಯ್ದರು. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಪಾದದಿಂದ ಭುಜದವರೆಗೆ ಟೇಪು ಹಿಡಿದರು. ಮೂರು ಮಧ್ಯಾಹ್ನ ಊಟದ ಬಿಡುವಿನಲ್ಲಿ ಕೂತು ಹೊಲಿದರು. ಮೊಣಕಾಲಿನ ಹತ್ತಿರ ತುಂಬನ್ನು ಸರಿಸಿ, ಬಟ್ಟೆಯನ್ನು ಸುತ್ತಲೂ ನಾಲ್ಕು ಇಂಚು ಒಳಕ್ಕೆ ಮಡಚಿ, ಕೈಹೊಲಿಗೆ ಹಾಕಿದರು. ಎದೆಯ ಸುತ್ತ ಹಿಡಿದು, ಒಂದು ಮುಷ್ಟಿಯಷ್ಟೇ ಜಾಗ ಬಿಟ್ಟರು.

"ಕತ್ತರಿಸಿಬಿಡಿ ಮಾಸ್ತರ್. ಇಪ್ಪತ್ತೊಂದು ಆಯ್ತು, ನಾನಿನ್ನೇನು ಬೆಳೀತೀನಾ?"

"ನೀ ಬೆಳೀದಿದ್ರ ಬಿಡು. ನಿನ್ನ ಹಿಂದ ಬರಾಕಿ ಎತ್ತರ ಇರ್ತಾಳ" ಎಂದು ದಾರ ಹಲ್ಲಿನಿಂದ ಕಡಿದರು.

ಜನವರಿಯಲ್ಲಿ ಅದನ್ನು ಸುರುಳಿ ಸುತ್ತಿ ಹೆಗಲಿಗೆ ಹಾಕಿಕೊಂಡು, ಬರಿಯ ಒಂದು ತೆಳು ಅಂಗಿಯಲ್ಲಿ, ಬೆವರದಂತೆ ನಿಧಾನ ನಡೆದೆ. ಜೊತೆಯವರು ಹುಚ್ಚು ಹಿಡಿದಿದೆ ಎಂಬಂತೆ ನೋಡಿದರು. ಅಟ್ಟಣೆ ಹತ್ತಿ, ಪಟ್ಟಿ ಕಟ್ಟಿಕೊಂಡು, ಉಸಿರು ಹದಕ್ಕೆ ಬಂದ ಮೇಲೆ ಕೌದಿಯೊಳಗೆ ಹೊಕ್ಕೆ. ಆರನೇ ದಿನ ಉತ್ತರದ ಗಾಳಿ ಎದ್ದು ಇಬ್ಬರು ಗಂಡು ಹುಡುಗರು ಇಳಿದು ವ್ಯಾನಿಗೆ ಹೋದರು. ನಾನು ಮೂರು ಗಂಟೆ ಪೂರ್ತಿ ಕೂತೆ. ಹತ್ತು ದಿನವೂ ಕೂತೆ. ಪೆನ್ಸಿಲ್ಲು ಒಂದು ಸಲವೂ ಬೀಳಲಿಲ್ಲ.

ಪದವಿ ಪ್ರದಾನದ ದಿನ ಅಪ್ಪ, ಅಮ್ಮನ ಪಕ್ಕದಲ್ಲಿ ಮಾಸ್ತರೂ ಅವರ ಹೆಂಡತಿಯೂ ಕೂತಿದ್ದರು. ನನ್ನ ಹೆಸರು ಕರೆದಾಗ ಅಪ್ಪ ಎದ್ದು ನಿಂತವರು ಸಮಾರಂಭ ಮುಗಿಯುವವರೆಗೂ ಕೂರಲು ಮರೆತರಂತೆ. ಹೊರಗೆ ಬಂದ ಮೇಲೆ ಮಾಸ್ತರು ನನ್ನ ಕಪ್ಪು ಗೌನಿನ ಭುಜ ಹಿಡಿದು ಎಳೆದು ನೋಡಿ, "ಹೊಲಿಗಿ ಸರಿ ಇಲ್ಲ" ಎಂದರು. ತಡೆದು, "ಆದರೂ ನಿನಗ ಒಪ್ತದ" ಎಂದರು. ಅವರ ಕಣ್ಣು ಒದ್ದೆಯಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅವರು ತೀರಿಕೊಂಡು ಈಗ ಮೂರು ವರ್ಷ. ಹೃದಯದ ತೊಂದರೆ, ಹೆಚ್ಚು ದಿನ ನರಳಲಿಲ್ಲ. ಅಂತ್ಯಕ್ರಿಯೆಗೆ ಕೇಟಿಯ ಕನ್ನಡದವರ ಹಿಂದೆ ಹತ್ತು ಹದಿನೈದು ಮಂದಿ ಬೇಟೆಗಾರರು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಆಸ್ಟಿನ್‌ನ ಆ ಹಿರಿಯರೂ ಬಂದಿದ್ದರು. "ಆ ಸೂಟು ಆರಿಸಿದ್ದು ನಾನು" ಎಂದು ಅವರಿಗೆ ಅಂದು ಹೇಳಿದೆ. "ಅಂದೇ ಗೊತ್ತಿತ್ತು, ಮಗಳೇ" ಎಂದರು. "ಅವರು ಯಾವತ್ತೂ ನನ್ನನ್ನು ಮುಷ್ಟಿ ಹಾಕಿ ನೋಡದೆ ಕಳಿಸಿದವರಲ್ಲ."

ಈಗ ಅದೇ ಫೀಲ್ಡ್ ಕೋರ್ಸಿಗೆ ಮಕ್ಕಳನ್ನು ಕರೆದೊಯ್ಯುವವಳು ನಾನು. ಈ ವರ್ಷದ ತಂಡದಲ್ಲಿ ಒಬ್ಬ ಹುಡುಗಿ ಇದ್ದಾಳೆ. ಅವಳ ಅಮ್ಮ ಕಚೇರಿಗಳನ್ನು ಗುಡಿಸುವ ಕೆಲಸದವಳು, ಅವರ ಮನೆಯಲ್ಲಿ ಕಾಲೇಜಿಗೆ ಬಂದವಳು ಇವಳೇ ಮೊದಲು. ನನಗಿಂತ ಒಂದು ಗೇಣು ಎತ್ತರ. ತೆಳು ಜಾಕೆಟ್ಟಿನಲ್ಲಿ ಬಂದು, "ನನಗೆ ಚಳಿ ಆಗುವುದಿಲ್ಲ" ಎಂದಳು. ಅಂಥ ಮಾತಿನ ಅರ್ಥ ನನಗೆ ಗೊತ್ತು.

ಹೊರಡುವ ಹಿಂದಿನ ಭಾನುವಾರ ನಾನು ಸೂಟು ತೆಗೆದು, ಬ್ಲೇಡು ಹಿಡಿದು ಕೂತೆ. ಮಾಸ್ತರರ ಹೊಲಿಗೆ ಅಷ್ಟು ಸುಲಭವಾಗಿ ಬಿಡಲಿಲ್ಲ. ಪೂರ್ತಿ ಬಿಚ್ಚಿ ಕೊಡವಿದಾಗ ನಾಲ್ಕು ಇಂಚು ಸರಾಗವಾಗಿ ಕೆಳಗಿಳಿಯಿತು. ಬಿಸಿಲು ಕಂಡ ಬಟ್ಟೆಯೆಲ್ಲ ಬೂದಿ ಬಣ್ಣಕ್ಕೆ ತಿರುಗಿತ್ತು. ಮಡಿಕೆಯಲ್ಲಿದ್ದ ಪಟ್ಟಿ ಮಾತ್ರ ಅಂಗಡಿಗೆ ಬಂದ ದಿನದ ಹಾಗೆ ಹಸಿರಾಗಿಯೇ ಇತ್ತು.

ಹುಡುಗಿ ತೊಟ್ಟು, ಸ್ಟೂಲಿನ ಮೇಲೆ ಕೂತಳು. ನಾನು ಮುಷ್ಟಿ ತೂರಿಸಿ ನೋಡಿದೆ. ಒಂದೇ ಹಿಡಿಸಿತು. ಅವಳು ಮೊಣಕಾಲಿನ ಪಟ್ಟಿಯನ್ನು ಬೆರಳಿನಿಂದ ಸವರಿ, "ಇಲ್ಲೇನು ಈ ಗೆರೆ?" ಎಂದಳು.

ಶಾಲೆಯಲ್ಲಿ ಪುಸ್ತಕದ ಚೀಲ ಇಳಿಬಿಟ್ಟು ನಾನು ಮುಚ್ಚಿಕೊಳ್ಳುತ್ತಿದ್ದಂಥ ಗೆರೆ ಅದು. ಈಗ ಬೆಳಕಿಗೆ ತಿರುಗಿಸಿ, ಚೆನ್ನಾಗಿ ಕಾಣುವಂತೆ ತೋರಿಸಿದೆ.

"ಅಲ್ಲಿವರೆಗೆ ನಾನು" ಎಂದೆ. "ಅಲ್ಲಿಂದ ಕೆಳಗೆ ನೀನು. ನಮ್ಮ ಮಾಸ್ತರು ನಿನಗೆಂದು ಮೊದಲೇ ಬಿಟ್ಟಿದ್ದರು."