ಕಾಯಿಲೆ ಕೋಳಿಗಳ ತಿಮ್ಮರಾಯಪ್ಪ

ಅಂಜನಾಪುರದ ಬೀದಿದೀಪಗಳು ಇನ್ನೂ ಆರಿಲ್ಲ. ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತ ತಿಮ್ಮರಾಯಪ್ಪ ತೊಡೆಯ ಮೇಲೊಂದು ಮುದಿ ಕೋಳಿಯನ್ನು ಕೂರಿಸಿಕೊಂಡಿದ್ದಾರೆ. ಬೆಚ್ಚನೆ ನೀರಲ್ಲಿ ಅದ್ದಿದ ಬಟ್ಟೆಯಿಂದ ಅದರ ಕಣ್ಣು ಒರೆಸುತ್ತಿದ್ದಾರೆ. ಇರುವುದೇ ಒಂದು ಕಣ್ಣು. ಇನ್ನೊಂದು ಮರಿಯಾಗಿದ್ದಾಗಲೇ ಕೋಳಿ ಸಿಡುಬಿಗೆ ಹೋಗಿದೆ. ಅದಕ್ಕೇ ಅವಳು ಒಕ್ಕಣ್ಣಿ.

ಅಡುಗೆಮನೆಯ ಕಿಟಕಿಯಿಂದ ಹೆಂಡತಿ ಲಕ್ಷ್ಮಮ್ಮ ಕೇಳುವಂತೆಯೇ ಗೊಣಗುತ್ತಾರೆ: "ನಂಗೆ ಡೆಂಗ್ಯೂ ಬಂದಾಗ ಹಣೆಗೊಂದು ಒದ್ದೆ ಬಟ್ಟೆ ಹಾಕೋಕೆ ಪುರುಸೊತ್ತಿರ್ಲಿಲ್ಲ ಈ ಮನುಷ್ಯನಿಗೆ."

"ನೀನು ಬಾಯಿ ಬಿಟ್ಟು ಕೇಳ್ತೀಯ ಕಣೆ. ಇದು ಕೇಳಲ್ಲ."

"ಕೇಳಿದ್ದೆ! ಆಗ್ಲೂ ಹಿತ್ತಲಲ್ಲೇ ಇದ್ರಿ."

ಅವರ ಹಿತ್ತಲಲ್ಲಿ ಗಟ್ಟಿಮುಟ್ಟಾದ ಕೋಳಿ ಒಂದೂ ಇಲ್ಲ. ಕಾಲು ಸೊಟ್ಟಗಾದದ್ದು, ಉಬ್ಬಸದ್ದು, ಮೊಟ್ಟೆ ನಿಂತ ಮೇಲೆ ಯಾರಿಗೂ ಬೇಡವಾದದ್ದು, ಎಲ್ಲ ಇಲ್ಲಿಗೆ ಬಂದು ಸೇರುತ್ತವೆ. ಹಿಂದೆ ಈ ಜಾಗದಲ್ಲಿ ಅವರಪ್ಪ ರಾಗಿ ಬೆಳೆಯುತ್ತಿದ್ದರು. ಹೊಲ ಹೋಗಿ ಲೇಔಟ್ ಬಂತು. ತಿಮ್ಮರಾಯಪ್ಪ ಬನಶಂಕರಿ ಕಡೆಯ ಒಂದು ಪ್ರಾಣಿ ಕ್ಲಿನಿಕ್ಕಿನಲ್ಲಿ ಅಟೆಂಡರ್ ಆದರು. ಈಗ ಅಲ್ಲಿ ಕೆಲಸವಿಲ್ಲ, ನಂಟು ಮಾತ್ರ ಬಿಟ್ಟಿಲ್ಲ. ಜಯನಗರ, ಜೆ.ಪಿ. ನಗರದ ತಾರಸಿಗಳಲ್ಲಿ ಕೋಳಿ ಸಾಕಿದವರು ಕ್ಲಿನಿಕ್ಕಿನ ಡಾಕ್ಟರಮ್ಮನನ್ನು ಕೇಳಿದರೆ, ಆಕೆ ಇವರ ನಂಬರ್ ಕೊಡುತ್ತಾರೆ. ಬೆಳಗಾದರೆ ಮೊಪೆಡ್ ಮೇಲೆ ಐದಾರು ಮನೆ ಸುತ್ತಿ ಔಷಧಿ ಕುಡಿಸುವುದು, ಹುಣ್ಣು ತೊಳೆಯುವುದು, ಗಂಜಿ ಹಾಕುವುದು. "ಮದ್ದು ಡಾಕ್ಟರಮ್ಮಂದು. ಕೈ ಮಾತ್ರ ನಂದು," ಎನ್ನುತ್ತಾರೆ.

ಇವತ್ತು ಮೊದಲು ಹೋಗಬೇಕಾದದ್ದು ಜೆ.ಪಿ. ನಗರದ ರಮ್ಯಳ ಮನೆಗೆ. ಅಲ್ಲಿದ್ದ ಎರಡು ಕೋಳಿಗಳಲ್ಲಿ ಕೆಂಪಿ ಹೋದ ವಾರ ಸತ್ತಿದೆ. ಉಳಿದಿರುವ ಪುಟ್ಟಿಗೆ ಮೊಟ್ಟೆಚೀಲದ ಕಾಯಿಲೆ. ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಕ್ಲಿನಿಕ್ಕಿನಲ್ಲಿ ತೆಗೆಸುತ್ತಾರೆ, ಮತ್ತೆ ತುಂಬುತ್ತದೆ. ಅಂಟುವ ರೋಗವಲ್ಲ, ವಾಸಿಯಾಗುವ ರೋಗವೂ ಅಲ್ಲ. ಹಾಗಿದ್ದೂ ಪುಟ್ಟಿ ಲವಲವಿಕೆಯಿಂದಲೇ ಇತ್ತು. ಕೆಂಪಿ ಹೋದ ಮೇಲೆ ಕಾಳು ಮುಟ್ಟಿಲ್ಲ. ಇವತ್ತೂ ತಾನಾಗಿ ತಿನ್ನದಿದ್ದರೆ ಇನ್ನು ನರಳಿಸುವುದು ಬೇಡ, ಸಂಜೆ ಇಂಜೆಕ್ಷನ್ ಕೊಟ್ಟು ಕಳಿಸಿಕೊಡೋಣ ಎಂದಿದ್ದಾರೆ ಡಾಕ್ಟರಮ್ಮ.

ತಿಮ್ಮರಾಯಪ್ಪ ಬಿದಿರ ಬುಟ್ಟಿಯಲ್ಲಿ ಒಕ್ಕಣ್ಣಿಯನ್ನು ಕೂರಿಸಿ ಮೊಪೆಡ್ಡಿಗೆ ಕಟ್ಟುತ್ತಾರೆ.

ಬಾಗಿಲು ತೆರೆದ ರಮ್ಯಳ ಕಣ್ಣು ಊದಿಕೊಂಡಿದೆ. "ರಾತ್ರಿ ಸಿರಿಂಜಲ್ಲಿ ಕೊಟ್ಟಿದ್ದನ್ನೂ ಉಗಿದ್ಬಿಟ್ಲು ಅಂಕಲ್. ನಮ್ಮಮ್ಮ ಊರಲ್ಲಿ ಮಾರಮ್ಮನಿಗೆ ಹರಕೆ ಹೊತ್ತಿದಾರಂತೆ. ಪುಟ್ಟಿ ಉಳಿದ್ರೆ ಒಂದು ಕೋಳಿ ಕೊಡ್ತೀನಿ ಅಂತ."

ತಿಮ್ಮರಾಯಪ್ಪನವರಿಗೆ ನಗು ತಡೆಯಲಾಗುವುದಿಲ್ಲ. "ಅಯ್ಯೋ ತಾಯಿ! ಕೋಳಿ ಕೊಟ್ಟು ಕೋಳಿ ಕೇಳೋದಾ? ಆಯಮ್ಮ ಯಾವುದನ್ನ ಇಟ್ಕೋಬೇಕು, ಯಾವುದನ್ನ ಬಿಡಬೇಕು? ಅಮ್ಮನಿಗೆ ಹೇಳಿ, ತಂಬಿಟ್ಟಿನಾರತಿ ಮಾಡ್ಲಿ. ನಾನೂ ಅದನ್ನೇ ಹೊತ್ಕೊಂಡಿದೀನಿ. ಹರಕೆ ನಂದು, ಹಿಟ್ಟು ಕುಟ್ಟೋದು ನಮ್ಮನೆಯವಳು."

ರಮ್ಯಳ ಮುಖದಲ್ಲೂ ನಗು ಸುಳಿದು ಹೋಗುತ್ತದೆ.

ಪುಟ್ಟಿ ಒಳಕೋಣೆಯಲ್ಲಿ ಮೆತ್ತನೆ ದಿಂಬಿನ ಮೇಲೆ, ಗೋಡೆಗೆ ಮುಖ ಮಾಡಿ ಕೂತಿದೆ. ಗಾಳಿ ತಾಗದಿರಲಿ ಎಂದು ಕಿಟಕಿಯನ್ನೂ ಮುಚ್ಚಿದ್ದಾಳೆ ರಮ್ಯ. ತಿಮ್ಮರಾಯಪ್ಪ ದಿಂಬಿನ ಸಮೇತ ಅದನ್ನೆತ್ತಿ ಹಿಂದಿನ ಅಂಗಳದ ಎಳೆಬಿಸಿಲಿಗೆ ತರುತ್ತಾರೆ.

"ನಾನೇನಾದ್ರೂ ತಪ್ಪು ಮಾಡಿದ್ನಾ ಅಂಕಲ್?"

"ನೀವು ಎತ್ತಿ ಆಡಿಸಿದ್ದಕ್ಕೇ ಇಷ್ಟು ದಿನ ಬಂತಮ್ಮ. ಆದ್ರೆ ಇದು ಒಂಟಿಯಾಗಿ ಉಣ್ಣೋ ಜಾತಿ ಅಲ್ಲ. ಪಕ್ಕದಲ್ಲಿ ಯಾರಾದ್ರೂ ಕುಟುಕ್ತಾ ಇರ್ಬೇಕು."

"ಕಾಯಿಲೆ ಮಾತ್ರ ವಾಸಿ ಆಗಲ್ಲ, ಅಲ್ವಾ?"

"ವಾಸಿ ಆಗಲ್ಲ ಅಂದ್ರೆ ಬಾಳಲ್ಲ ಅಂತಲ್ಲ. ಶುಗರ್ ಇಟ್ಕೊಂಡು ನಾನಿಲ್ವಾ?"

ನೆನೆಸಿದ ಅಕ್ಕಿನುಚ್ಚನ್ನು ಗಾರೆನೆಲದ ಮೇಲೆ ಚೆಲ್ಲಿ, ಒಕ್ಕಣ್ಣಿಯನ್ನು ಸ್ವಲ್ಪ ದೂರದಲ್ಲಿ ಬಿಡುತ್ತಾರೆ. ಒಂದೇ ಕಣ್ಣಿನವಳಿಗೆ ಕಾಳಿನ ಅಂದಾಜು ಸಿಗುವುದಿಲ್ಲ. ಒಂದು ಕಾಳಿಗೆ ಮೂರು ಸಲ ನೆಲ ಕುಟುಕುತ್ತಾಳೆ. ಟಕ್, ಟಕ್, ಟಕ್. ಬೇರೆ ಕೋಳಿಗಳು ಸದ್ದಿಲ್ಲದೆ ಮೇಯ್ದು ಹೋಗುವಲ್ಲಿ ಇವಳದು ಅಂಗಳಕ್ಕೆಲ್ಲ ಕೇಳುವ ಊಟ.

ಪುಟ್ಟಿ ಅಲುಗಾಡುವುದಿಲ್ಲ. ರಮ್ಯ ಮುಂದಕ್ಕೆ ಬಗ್ಗುತ್ತಾಳೆ. ತಿಮ್ಮರಾಯಪ್ಪ ಕೈಯಾಡಿಸಿ ತಡೆಯುತ್ತಾರೆ. ಅವರ ತುಟಿ ಮಾತ್ರ ಸಣ್ಣಗೆ ಆಡುತ್ತಿದೆ, ಯಾವ ದೇವರ ಹೆಸರೋ.

ಟಕ್, ಟಕ್. ಪುಟ್ಟಿಯ ಕತ್ತು ತಿರುಗುತ್ತದೆ. ಭಾರದ ಹೊಟ್ಟೆಯನ್ನು ಎತ್ತಿಕೊಂಡು ದಿಂಬಿನಿಂದಿಳಿದು ಎರಡು ಹೆಜ್ಜೆ ಹಾಕಿ ನಿಲ್ಲುತ್ತದೆ. ಒಕ್ಕಣ್ಣಿ ಗುರಿ ತಪ್ಪಿ ಬಿಟ್ಟ ಕಾಳೊಂದು ಎದುರಿಗೇ ಬಿದ್ದಿದೆ. ಪುಟ್ಟಿ ಕೊಕ್ಕು ಬಗ್ಗಿಸುತ್ತದೆ. ಒಂದು ಕಾಳು. ಆಮೇಲೆ ಇನ್ನೊಂದು.

ರಮ್ಯ ಬಾಯಿಗೆ ದುಪಟ್ಟಾ ಒತ್ತಿಕೊಂಡು ಬಿಕ್ಕುತ್ತಾಳೆ. ಕೆಂಪಿ ಸತ್ತ ದಿನ ಆಫೀಸಿಗೆ ಹೋಗಬೇಕಿತ್ತೆಂದು ತಡೆದಿಟ್ಟ ಅಳು ಈಗ ಬರುತ್ತಿದೆ. "ಅತ್ಕೊಳ್ಳಿ," ಎನ್ನುತ್ತಾರೆ ತಿಮ್ಮರಾಯಪ್ಪ, "ಕೋಳಿಗಾಗಿ ಅಳ್ತಾರಾ ಅಂತ ಕೇಳೋರು ಇಲ್ಲಿ ಯಾರಿದಾರೆ?"

ಡಾಕ್ಟರಮ್ಮನಿಗೆ ಅವರೇ ಫೋನ್ ಮಾಡುತ್ತಾರೆ. ಸಂಜೆಯ ಇಂಜೆಕ್ಷನ್ ಬೇಡ, ನೀರು ತೆಗೆಸಲು ಸೋಮವಾರ ಕರೆತರಬಹುದು ಎಂದು ತೀರ್ಮಾನವಾಗುತ್ತದೆ.

"ಒಕ್ಕಣ್ಣಿನ ಇಲ್ಲೇ ಬಿಟ್ಟು ಹೋಗ್ತೀರಾ?" ಕೇಳಲೋ ಬೇಡವೋ ಎನ್ನುವಂತೆ ಕೇಳುತ್ತಾಳೆ ರಮ್ಯ. ತಿಮ್ಮರಾಯಪ್ಪ ಬಗ್ಗಿ ಒಕ್ಕಣ್ಣಿಯ ಬೆನ್ನು ಸವರುತ್ತಾರೆ. ಅವಳಿಗೆ ಅದರ ಪರಿವೆಯೇ ಇಲ್ಲ, ಕುಟುಕುತ್ತಲೇ ಇದ್ದಾಳೆ. "ಬೆಳಗ್ಗೆ ಬಿಸಿನೀರಲ್ಲಿ ಕಣ್ಣು ಒರೆಸ್ಬೇಕು. ಆಗುತ್ತಾ?"

"ಆಗುತ್ತೆ ಅಂಕಲ್."

ಗೇಟಿನ ಹೊರಗೆ ಬರುವಷ್ಟರಲ್ಲಿ ಜೇಬಿನ ಫೋನ್ ಬಡಿದುಕೊಳ್ಳುತ್ತದೆ. ಲಕ್ಷ್ಮಮ್ಮ. "ಎಲ್ಲಿ ನನ್ನ ಒಕ್ಕಣ್ಣಿ? ಬುಟ್ಟಿನೂ ಇಲ್ಲ. ಯಾರ ಮನೇಲಿ ಬಿಟ್ಟು ಬಂದ್ರಿ?"

ತಿಮ್ಮರಾಯಪ್ಪ ಆ ಅಂಗಳದ ಟಕ್ ಟಕ್ ಸದ್ದಿಗೆ ಕಿವಿಗೊಡುತ್ತಾರೆ.

"ಬಿಟ್ಟು ಬಂದಿಲ್ಲ ಕಣೆ," ಎನ್ನುತ್ತಾರೆ, "ಕೆಲಸಕ್ಕೆ ಸೇರಿಸಿ ಬಂದೆ."