ತಳಕಲ್ ಬಳಿ ನಿಲ್ಲುತ್ತಿದ್ದ ತಂಪು

ನನ್ನ ಮಗಳ ಮೈ ಬೆವರುವುದಿಲ್ಲ. ಹುಟ್ಟಿನಿಂದಲೇ ಹಾಗೆ. ಬಿಸಿಲಿಗೆ ನಾವೆಲ್ಲ ತೊಯ್ದು ತೊಪ್ಪೆಯಾಗುವಾಗ ಅವಳು ಒಣಗಿಯೇ ಇದ್ದು, ಒಲೆಯ ಮೇಲಿಟ್ಟ ಹೆಂಚಿನಂತೆ ಒಳಗೊಳಗೇ ಕಾಯುತ್ತಾಳೆ. ಇದನ್ನು ಮೊದಲೇ ಹೇಳದಿದ್ದರೆ, ಒಂದು ಹಳೆಯ ಕಾರಿನ ಎ.ಸಿ. ಬಗ್ಗೆ ಇಷ್ಟು ಬರೆಯುವುದು ವಿಚಿತ್ರವಾಗಿ ಕಾಣುತ್ತದೆ.

ಆ ಬೇಸಿಗೆಯಲ್ಲಿ ಅವಳಿಗೆ ಕೊಪ್ಪಳದ ಕಚೇರಿಯೊಂದರಲ್ಲಿ ಸರ್ಕಾರಿ ನೌಕರಿಯ ಆದೇಶ ಬಂದಿತ್ತು. ಹದಿನೈದು ದಿನದೊಳಗೆ ಹಾಜರಾಗಬೇಕು. ನಾನು ಯಲಬುರ್ಗಾದಿಂದ ಗಿಣಿಗೇರಾದ ಕಬ್ಬಿಣದ ಕಾರ್ಖಾನೆಗೆ ಕಾರಿನಲ್ಲೇ ಓಡಾಡುತ್ತೇನೆ. ಹೋಗುವಾಗ ಅವಳನ್ನು ಕೊಪ್ಪಳದಲ್ಲಿ ಇಳಿಸುವುದು, ಬರುವಾಗ ಹತ್ತಿಸಿಕೊಳ್ಳುವುದು ಎಂದು ನಮ್ಮ ಲೆಕ್ಕಾಚಾರ. ಬಸ್ಸಿನಲ್ಲಿ ಆ ಬಿಸಿಲಿಗೆ ಅವಳನ್ನು ಕಳಿಸುವಂತಿರಲಿಲ್ಲ.

ದಾಖಲೆಗಳನ್ನು ತೋರಿಸಲು ಒಂದು ದಿನ ಅವಳನ್ನು ಕರೆದುಕೊಂಡು ಹೋಗಿದ್ದೆ. ಅರ್ಧ ದಿನ ರಜೆ ಹಾಕಿ, ಮಧ್ಯಾಹ್ನ ಮೂರರ ಹೊತ್ತಿಗೆ ವಾಪಸು ಹೊರಟೆವು. ತಳಕಲ್ ಬಳಿ ಬಂದಾಗ ಎ.ಸಿ.ಯಿಂದ ಬರುತ್ತಿದ್ದ ಗಾಳಿ ಬಿಸಿಯಾಯಿತು. ಕಿಟಕಿ ಇಳಿಸಿದೆ, ಹೊರಗಿನ ಗಾಳಿ ಅದಕ್ಕಿಂತ ಬಿಸಿ. ತಿರುಗಿ ನೋಡಿದರೆ ಮಗಳ ಮುಖ ಕೆಂಪಾಗಿತ್ತು, ಮಾತು ತೊದಲುತ್ತಿತ್ತು. ಒಂದು ಬೇವಿನ ಗಿಡದ ಕೆಳಗೆ ನಿಲ್ಲಿಸಿ, ಇದ್ದ ಎರಡು ಬಾಟಲಿ ನೀರನ್ನೂ ಅವಳ ತಲೆಯ ಮೇಲೆ ಸುರಿದೆ. ಟವೆಲ್ ನೆನೆಸಿ ಕುತ್ತಿಗೆಗೆ ಸುತ್ತಿದೆ. ಹತ್ತು ನಿಮಿಷದ ನಂತರ ಕಾರು ಶುರು ಮಾಡಿದರೆ ಎ.ಸಿ. ಏನೂ ಆಗಿಲ್ಲದಂತೆ ತಂಪು ಊದತೊಡಗಿತು. ಅದು ನಿಂತಾಗ ಹೆದರಿದ್ದಕ್ಕಿಂತ ತಾನಾಗಿಯೇ ಬಂದಾಗ ನಾನು ಹೆಚ್ಚು ಹೆದರಿದೆ.

"ನೌಕರಿ ಬ್ಯಾಡವ್ವ. ಇಲ್ಲೆ ಏನರ ನೋಡೋಣು," ಅಂದೆ.

"ಯಪ್ಪಾ, ಕಾರು ಕೆಟ್ಟೈತಿ. ನಾ ಕೆಟ್ಟಿಲ್ಲ," ಅಂದಳು.

ಇಬ್ಬರು ಮೆಕ್ಯಾನಿಕರಿಗೆ ತೋರಿಸಿದೆ. ಇಬ್ಬರೂ ನೋಡಿದ್ದು ಮುಂಜಾನೆ. ಇಬ್ಬರ ಮುಂದೆಯೂ ಎ.ಸಿ. ಚೆನ್ನಾಗಿ ನಡೆಯಿತು. ಇಬ್ಬರೂ ಗ್ಯಾಸ್ ತುಂಬಿದರು. "ಫ್ರಿಜ್ ಆಗೈತ್ರಿ ಸಾಹೇಬ್ರ, ಒಯ್ರಿ," ಅಂದ ಎರಡನೆಯವನು. ಅದೇ ದಿನ ಕಾರ್ಖಾನೆಯಿಂದ ಒಬ್ಬನೇ ಬರುವಾಗ ತಳಕಲ್ ಬಳಿ ಫ್ರಿಜ್ ಮತ್ತೆ ನಿಂತಿತು.

ಹಾಜರಾಗಲು ಎಂಟು ದಿನ ಉಳಿದಿರುವಾಗ, ಜೊತೆಯಲ್ಲಿ ಕೆಲಸ ಮಾಡುವವನೊಬ್ಬ ಕೊಪ್ಪಳದಲ್ಲಿ ಗಂಗಾವತಿ ರಸ್ತೆಗಿರುವ ಒಂದು ತಗಡಿನ ಶೆಡ್ಡಿನ ಗುರುತು ಹೇಳಿದ. ಅಲ್ಲಿ ಒಬ್ಬ ವಯಸ್ಸಾದ ಮುಸಲ್ಮಾನ ಮೇಸ್ತ್ರಿ. ಮಗಳು ತಾನೂ ಬರುತ್ತೇನೆಂದು ಹಟ ಮಾಡಿ, ಒದ್ದೆ ದುಪಟ್ಟಾ ಸುತ್ತಿಕೊಂಡು ಹಿಂದಿನ ಸೀಟಿನಲ್ಲಿ ಕುಳಿತಿದ್ದಳು.

ಮೇಸ್ತ್ರಿ ಬಾನೆಟ್ ಮುಟ್ಟಲಿಲ್ಲ. "ಗಾಳಿ ನಿಲ್ತೈತೋ, ತಂಪು ನಿಲ್ತೈತೋ?" ಎಂದು ಕೇಳಿದರು. ನಾನು ಏನೇನೋ ಹೇಳಿದೆ. ಹಿಂದಿನಿಂದ ಮಗಳು ಬಾಯಿ ಹಾಕಿದಳು.

"ಗಾಳಿ ಬರ್ತೈತ್ರಿ ಚಾಚಾ, ತಂಪು ಬರಂಗಿಲ್ಲ. ಛಲೋ ಇದ್ದಾಗ ಆಗಾಗ ಮುಂದ ಕಟ್ ಅಂತ ಒಂದು ಸಪ್ಪಳ ಬರ್ತೈತಿ, ಆಮ್ಯಾಲ ತಂಪು. ಕೆಟ್ಟಾಗ ಆ ಕಟ್ ಬರೂದ ಇಲ್ಲ."

ಅವರು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಅವಳ ಕಿಟಕಿಯ ಹತ್ತಿರ ಬಂದರು. "ಇಷ್ಟು ದಿನ ಎಲ್ಲಿದ್ದಿ ಬೇಟಾ? ನಿಮ್ಮಪ್ಪ ಬರೇ ಓಡಸ್ತಾನ. ಕಾರು ಏನಂತೈತಿ ಅಂತ ಕೇಳಾಕಿ ನೀನ."

ನಾಲ್ಕು ವರ್ಷದಿಂದ ಆ ಕಾರನ್ನು ಓಡಿಸುತ್ತಿದ್ದೆ. ಆ ಸಪ್ಪಳ ನನಗೆ ಒಮ್ಮೆಯೂ ಕೇಳಿಸಿರಲಿಲ್ಲ.

"ಈಗ ನೋಡಿ ಏನ ಹೇಳ್ಲಿ? ಮುಂಜಾನಿ ಜ್ವರ ಇರೂದಿಲ್ಲ," ಅಂದರು ಮೇಸ್ತ್ರಿ. "ಮೂರಕ್ಕ ಹೊರಡೋಣು. ಜ್ವರ ಬಂದಾಗ ನಾಡಿ ಹಿಡಿಬೇಕು. ನೀ ಇಲ್ಲೆ ಕೂಲರ್ ಮುಂದ ಕುಂದ್ರವ್ವ."

"ಸಪ್ಪಳ ಗೊತ್ತಿರೂದು ನನಗ. ನಾನ ಇಲ್ಲೆ ಕುಂತ್ರ ಹೆಂಗ್ರಿ?"

ಅವರು ನನ್ನ ಮುಖ ನೋಡಿದರು. ನಾನು ಆಗಲಿ ಎಂದು ತಲೆಯಾಡಿಸಿದೆ. ಮೂರು ಗಂಟೆಗೆ ಅವರು ತಮ್ಮ ಮನೆಯಿಂದ ಒಂದು ಸ್ಟೀಲ್ ಡಬ್ಬಿ ತುಂಬ ಬರ್ಫದ ಗಡ್ಡೆ ತರಿಸಿ ಅವಳ ಕಾಲ ಬಳಿ ಇಟ್ಟರು, ಆಮೇಲೆ ತಾವು ಹತ್ತಿದರು.

ತಳಕಲ್ ಹತ್ತಿರವಾಯಿತು. ಮೂವರೂ ಆ ಸಪ್ಪಳಕ್ಕೆ ಕಿವಿಗೊಟ್ಟಿದ್ದೆವು.

"ಬರಲಿಲ್ಲ," ಅಂದಳು ಮಗಳು.

ಗಾಳಿ ಇನ್ನೂ ತಂಪಾಗಿಯೇ ಇತ್ತು. ಸ್ವಲ್ಪ ಹೊತ್ತಿನಲ್ಲೇ ಬಿಸಿಯಾಯಿತು. ನಾನು ಅದೇ ಬೇವಿನ ಗಿಡದ ಕೆಳಗೆ ನಿಲ್ಲಿಸಿದೆ. ಅವಳು ಬರ್ಫದ ಡಬ್ಬಿಯನ್ನು ಮಡಿಲಿಗೆ ಎತ್ತಿಕೊಂಡಳು.

"ಇಂಜಿನ್ ಬಂದ್ ಮಾಡಬ್ಯಾಡ್ರಿ," ಎಂದು ಮೇಸ್ತ್ರಿ ಬಾನೆಟ್ ಎತ್ತಿದರು. ವೈರು ಕಟ್ಟಿದ ಒಂದು ಸಣ್ಣ ಬಲ್ಬನ್ನು ಕಂಪ್ರೆಸರ್‌ಗೆ ಹೋಗುವ ತಂತಿಗೆ ತಾಗಿಸಿದರು. ಬಲ್ಬು ಹತ್ತಿತು. "ಕರೆಂಟ್ ಬಂದೈತಿ. ಇಲ್ಲಿ ನೋಡ್ರಿ." ಬೆಲ್ಟಿನ ಪಟ್ಟಿ ಸುತ್ತಿದ ಗಾಲಿ ತಿರುಗುತ್ತಿತ್ತು. ಅದರ ಮುಂದಿನ ಬಿಲ್ಲೆ ಮಾತ್ರ ನಿಂತೇ ಇತ್ತು. ಒಳಗಿನ ಅಯಸ್ಕಾಂತ ಆ ಬಿಲ್ಲೆಯನ್ನು ಎಳೆದು ಗಾಲಿಗೆ ಅಂಟಿಸಬೇಕು; ಎ.ಸಿ.ಯ ಕ್ಲಚ್ಚು ಎಂದರೆ ಇದೇ. ಆಗಲೇ ಕಂಪ್ರೆಸರ್ ತಿರುಗಿ ತಂಪು ಹುಟ್ಟುವುದು. ಅವರು ಕಿಸೆಯಿಂದ ಗೇಣುದ್ದದ ಒಂದು ಕಟ್ಟಿಗೆ ತೆಗೆದರು. ಕಿನ್ನಾಳದ ಗೊಂಬೆ ಮಾಡುವವರು ಬಳಸುವ ಹಗುರ ಕಟ್ಟಿಗೆ. ಜಾರಿ ಬಿದ್ದರೂ ಏನನ್ನೂ ಮುರಿಯುವುದಿಲ್ಲ. ಅದರ ತುದಿಯಿಂದ ಬಿಲ್ಲೆಯನ್ನು ಒಂದಿಷ್ಟೇ ಒಳಗೆ ನೂಕಿದರು.

ಕಟ್.

"ಬಂತು!" ಎಂದು ಒಳಗಿನಿಂದ ಮಗಳು ಕೂಗಿದಳು.

"ಇದಕ್ಕ ಮನಸೈತ್ರಿ, ಕೈ ನಿಲುಕವಲ್ದು," ಅಂದರು ಮೇಸ್ತ್ರಿ. ಗಾಲಿಗೂ ಬಿಲ್ಲೆಗೂ ನಡುವಿನ ಸಂದು ಅಗಲವಾಗಿತ್ತು. ತಣ್ಣಗಿದ್ದಾಗ ಅಯಸ್ಕಾಂತ ಹೇಗೋ ಎಳೆಯುತ್ತಿತ್ತು. ಕಾದ ಮೇಲೆ ಅದರ ಬಲ ಸಾಲುತ್ತಿರಲಿಲ್ಲ.

ಶೆಡ್ಡಿಗೆ ಮರಳಿ ಬಿಲ್ಲೆ ಬಿಚ್ಚಿದಾಗ ಒಳಗೆ ಕಪ್ಪು ಗಡ್ಡ ಬೆಳೆದಂತೆ ಕಬ್ಬಿಣದ ಪುಡಿ. ಮೇಸ್ತ್ರಿ ಬೆರಳಿನಿಂದ ಮುಟ್ಟಿ, ಮೂಸಿದರು.

"ಪುಡಿ ಗಿಣಿಗೇರಿದು. ಎಣ್ಣಿ ಯಾರದು?"

ನಾನು ಹೇಳಲೇಬೇಕಾಯಿತು. ಪ್ರತಿ ಅಮಾವಾಸ್ಯೆ ಕಾರು ತೊಳೆದು ಪೂಜೆ ಮಾಡುವ ಮೊದಲು, ಬಾನೆಟ್ ಒಳಗಿನದೆಲ್ಲ ಮಿಂಚಲಿ ಎಂದು ಎಣ್ಣೆಯ ಬಟ್ಟೆಯಿಂದ ಒರೆಸುತ್ತಿದ್ದೆ. ಆ ಗಾಲಿಯನ್ನೂ ಬಿಡುತ್ತಿರಲಿಲ್ಲ. ಆಮೇಲೆ ಕಾರು ದಿನವಿಡೀ ಕಾರ್ಖಾನೆಯ ಅಂಗಳದಲ್ಲಿ ನಿಲ್ಲುತ್ತಿತ್ತು. ಅಲ್ಲಿ ಹಾರುವ ಪುಡಿ ಎಣ್ಣೆಗೆ ಅಂಟಿ, ಮರಳುಕಾಗದದಂತೆ ಉಜ್ಜಿ ಉಜ್ಜಿ ಎರಡೂ ಮುಖಗಳನ್ನು ಸವೆಸಿತ್ತು. ಮಗಳನ್ನು ಕಾಯಲಿ ಎಂದು ಕೈಮುಗಿದ ಯಂತ್ರವನ್ನು ತಿಂಗಳಿಗೊಮ್ಮೆ ನಾನೇ ಕೆಡಿಸುತ್ತಿದ್ದೆ.

"ದೇವರಿಗೆ ಎಣ್ಣಿ ಹಚ್ರಿ, ಬ್ಯಾಡ ಅನ್ನೂದಿಲ್ಲ. ಕ್ಲಚ್ಚಿಗೆ ಹಚ್ಚಬ್ಯಾಡ್ರಿ," ಅಂದರು. ಮಗಳು ನಕ್ಕಳು. ನನಗೆ ನಗು ಬರಲಿಲ್ಲ.

ಅವರು ಪುಡಿಯನ್ನೆಲ್ಲ ಹಿಟ್ಟು ಕೆರೆದಂತೆ ಕೆರೆದು ತೆಗೆದರು. ಬಿಲ್ಲೆಯ ಹಿಂದೆ ಮೂರು ತೆಳುವಾದ ವಾಷರುಗಳಿದ್ದವು. ಸಂದು ಕಿರಿದಾಗಲೆಂದು ಒಂದನ್ನು ತೆಗೆದು, ಬಿಲ್ಲೆಯನ್ನು ಮತ್ತೆ ಕೂರಿಸಿ, ತಗಡಿನ ಪಟ್ಟಿಯೊಂದನ್ನು ಸಂದಿನೊಳಗೆ ಸುತ್ತಲೂ ಆಡಿಸಿ ನೋಡಿದರು. ಒಂದು ಕಡೆ ಬಿಗಿಯೆನಿಸಿದ್ದಕ್ಕೆ ಪೂರ್ತಿ ಬಿಚ್ಚಿ ಮೊದಲಿನಿಂದ ಮಾಡಿದರು. ಹೆಚ್ಚಾಗಿದ್ದ ಗ್ಯಾಸನ್ನೂ ತೆಗೆದು ಸರಿಪಡಿಸಿದರು. ಕೊನೆಗೆ, ಹೊರತೆಗೆದ ವಾಷರನ್ನು ಮಗಳ ಅಂಗೈಯಲ್ಲಿಟ್ಟರು. ಅದು ಉಗುರಿನಷ್ಟು ದಪ್ಪವಿತ್ತು.

"ಇಷ್ಟರಾಗ ಸಿಕ್ಕೊಂಡಿತ್ತು ನೋಡ ನಿನ್ನ ನೌಕರಿ."

"ರಿಪೇರಿ ಆತೇನ್ರಿ?" ಎಂದು ನಾನು ಕೇಳಿದೆ.

"ಅದನ್ನ ನಾ ಹೆಂಗ ಹೇಳ್ಲಿ? ಮೂರರ ಬಿಸಿಲು ಹೇಳಬೇಕು. ಐದು ದಿನ ಹೋಗಿ ಬರ್ರಿ. ನಿಂತ್ರ ನನ್ನ ಕಡೆ ಬರ್ರಿ. ನಿಲ್ಲದಿದ್ರ ಆಕಿನ್ನ ಆಫೀಸಿಗೆ ಕಳಸ್ರಿ."

ರಜೆ ಹಾಕಿ ಐದು ದಿನ ಹೋದೆವು, ಅದೇ ಹೊತ್ತಿಗೆ, ಅದೇ ದಾರಿಯಲ್ಲಿ. ಕಟ್ ಎಂದಾಗಲೆಲ್ಲ ಅವಳು ಒಂದು ಬೆರಳು ಮಡಿಸುತ್ತಿದ್ದಳು. ಬೆರಳುಗಳು ಮುಗಿದು ಮತ್ತೆ ಮೊದಲಾಗುತ್ತಿದ್ದವು. ಐದನೆಯ ದಿನ ಬೇವಿನ ಗಿಡ ದಾಟಿದ ಮೇಲೆ ಅವಳು ಮಡಿಸುವುದನ್ನು ಬಿಟ್ಟು, ಹಾಜರಾಗುವಾಗ ಯಾವ ಸೀರೆ ಉಡಲಿ ಎಂದು ಕೇಳಿದಳು.

ಈಗ ಅವಳು ನೌಕರಿಗೆ ಹೋಗುತ್ತಾಳೆ. ಅಮಾವಾಸ್ಯೆಗೆ ಕಾರಿಗೆ ಹೂವು ಏರಿಸಿ ಕಾಯಿ ಒಡೆಯುತ್ತೇನೆ. ಎಣ್ಣೆ ದೀಪಕ್ಕೆ ಮಾತ್ರ. ಸಂಜೆ ಬರುವಾಗ ತಳಕಲ್ ಬಳಿ ಎಕ್ಸಲರೇಟರ್ ಮೇಲಿನ ನನ್ನ ಕಾಲು ತಾನಾಗಿಯೇ ಹಗುರಾಗುತ್ತದೆ. ರೇಡಿಯೊ ಸಣ್ಣದು ಮಾಡಿ ಕಿವಿಗೊಡುತ್ತೇನೆ. ಹಿಂದಿನ ಸೀಟಿನಲ್ಲಿ ಅವಳು ಮೊಬೈಲಿನಿಂದ ತಲೆ ಎತ್ತುವುದಿಲ್ಲ.

"ಬಂತು ಯಪ್ಪಾ, ನಡಿ," ಅನ್ನುತ್ತಾಳೆ.