ಜೋಡಿ ಇದ್ರ ಸಾಲಿ

ಜೂನ್ ತಿಂಗಳ ಎಂಟನೇ ತರಗತಿಗೆ ಒಂದು ವಾಸನೆ ಇರುತ್ತದೆ. ಇನ್ನೂ ಒಮ್ಮೆಯೂ ಒಗೆಯದ ಯೂನಿಫಾರ್ಮಿನ ಗಂಜಿ, ತಲೆಗೆ ಧಾರಾಳವಾಗಿ ಹಚ್ಚಿದ ಕೊಬ್ಬರಿ ಎಣ್ಣೆ, ಜೊತೆಗೆ ಒಂದಿಷ್ಟು ಅಂಜಿಕೆ. ಮುದ್ದೇಬಿಹಾಳದ ಹೈಸ್ಕೂಲಿನಲ್ಲಿ ಪಾಠ ಮಾಡುವ ನಾನು ಪ್ರತಿ ವರ್ಷ ಆ ವಾಸನೆಯೊಳಗೇ ಕಾಲಿಡುತ್ತೇನೆ. ಈ ಸಲ ಮಾತ್ರ ಬಾಗಿಲಲ್ಲೇ ನಿಂತುಬಿಟ್ಟೆ. ಊರಲ್ಲಿ ನನ್ನ ಜೊತೆ ಓದಿದ ಬಾಜೂ ಮನೆಯವಳು ನೆನಪಾದಳು...

ಯಂಕಂಚಿಯ ಆಚೆಗಿನ ನಮ್ಮ ಹಳ್ಳಿಯಲ್ಲಿ ಆಗ ಓದು ಏಳನೇ ತರಗತಿಗೆ ಮುಗಿಯುತ್ತಿತ್ತು. ಹೈಸ್ಕೂಲು ಬೇಕೆಂದರೆ ಸಿಂದಗಿಯ ಬಸ್ಸು ಹತ್ತಬೇಕು. ಹುಡುಗಿಯನ್ನು ಒಬ್ಬಳನ್ನೇ ಯಾರೂ ಕಳಿಸುತ್ತಿರಲಿಲ್ಲ. "ಜೋಡಿ ಇದ್ರ ಸಾಲಿ, ಇಲ್ಲಂದ್ರ ಮನಿ," ಎಂದು ಅಪ್ಪ ಮೊದಲೇ ಹೇಳಿಬಿಟ್ಟಿದ್ದ. ನನ್ನ ಪುಣ್ಯಕ್ಕೆ ಬಾಜೂ ಮನೆಯವಳು ಹೊರಟಳು. ಅವಳು ಬಿಟ್ಟರೆ ನಾನೂ ಬಿಡಬೇಕು, ನಾನು ಬಿಟ್ಟರೆ ಅವಳೂ. ಇಬ್ಬರ ಓದನ್ನೂ ಒಂದೇ ಹಗ್ಗಕ್ಕೆ ಕಟ್ಟಿದ್ದರು.

ಬಿಡುವ ಮಾತೆಲ್ಲಿ ಬಂತು ಅವಳಿಗೆ? ಊರ ಸಾಲಿಯಲ್ಲಿ ಮೊದಲ ನಂಬರು ಯಾವಾಗಲೂ ಅವಳದೇ. ಅಕ್ಕೋರು ಮೀಟಿಂಗಿಗೆ ಹೋದ ದಿನ ವರ್ಗವನ್ನು ಅವಳ ಕೈಗೆ ಒಪ್ಪಿಸಿ ಹೋಗುತ್ತಿದ್ದರು. ಭಿನ್ನರಾಶಿಯನ್ನು ನನ್ನ ತಲೆಗೆ ಇಳಿಸಿದವಳೂ ಅವಳೇ, ಅದೂ ಬೈದು ಬೈದು.

ಹೈಸ್ಕೂಲು ಬೇರೆಯೇ ಲೋಕ. ಗಂಟೆ ಹೊಡೆದ ಹಾಗೆಲ್ಲ ಮಾಸ್ತರರು ಬದಲಾಗುತ್ತಿದ್ದರು. ಪೇಟೆಯ ಹುಡುಗಿಯರು ಟೀಚರ್ ಎನ್ನುತ್ತಿದ್ದರು. ಇವಳು ಮೊದಲ ದಿನ ಹಳ್ಳಿಯ ರೂಢಿಯಂತೆ "ಅಕ್ಕೋರ" ಎಂದಳು. ವರ್ಗವೆಲ್ಲ ನಕ್ಕಿತು. ಆಮೇಲೆ ಇಂಗ್ಲಿಷ್ ಸರ್ ಎಬ್ಬಿಸಿ ಓದಲು ಹೇಳಿದರು. ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದಳು. ಮತ್ತೆ ನಗು. "ಕುಂದ್ರು," ಎಂದರು ಸರ್. ಕೂತಳು. ಅಂದಿನಿಂದ ಅವಳನ್ನು ಯಾರೂ ಎಬ್ಬಿಸಲಿಲ್ಲ. ಸರ್ ಏನೂ ಕೆಟ್ಟವರಲ್ಲ. ಆದರೂ ಆ ಒಂದು ಮಾತು ನೆನಪಾದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಬಸ್ಸಿನಲ್ಲಿ ಬಾಯಿಗೆ ಬಿಡುವೇ ಕೊಡದವಳು ಕಿಟಕಿಗೆ ಅಂಟಿಕೊಂಡು ಸುಮ್ಮನೆ ಕೂರತೊಡಗಿದಳು. ಒಂದು ಸಂಜೆ ಹೇಳಿದಳು, "ನನಗ ಏನೂ ತಿಳೀವಲ್ದು. ಕೇಳಾಕ ಬಾಯಿ ಬರವಲ್ದು. ಆದ್ರ ನಾ ಬಿಟ್ರ ನಿನ್ನೂ ಬಿಡಸ್ತಾರ."

ನಾನೇನು ಹೇಳಿದೆನೋ... ಅತ್ತಿರಬೇಕು.

ಪಂಚಮಿ ಹಬ್ಬ ಕಳೆದ ಮೇಲೆ ಪರೀಕ್ಷೆಯ ಅಂಕ ಬಂದವು. ಅವಳು ಫೇಲಾಗಿದ್ದಳು. "ಸಾಕಿನ್ನ ಸಾಲಿ," ಎಂದನಂತೆ ಅವಳಪ್ಪ. ಇನ್ನು ನನ್ನ ಓದೂ ಮುಗಿಯಿತು ಎಂದುಕೊಂಡೆ.

ಹಿಂದಿನ ಓಣಿಯಲ್ಲಿ ನಮ್ಮ ವಾರಿಗೆಯ ಒಬ್ಬ ಹುಡುಗಿ ಇದ್ದಳು. ತಾಯಿ ಕೂಲಿಗೆ ಹೋದಾಗ ಕೂಸನ್ನು ನೋಡಿಕೊಳ್ಳಲೆಂದು ಏಳನೆಯದು ಮುಗಿಯುತ್ತಲೇ ಅವಳ ಸಾಲಿ ಬಿಡಿಸಿದ್ದರು. ನಮ್ಮ ಬಾಜೂ ಮನೆಯವಳು ನೇರವಾಗಿ ಅಲ್ಲಿಗೆ ಹೋದಳು. "ಅಕಿನ್ನ ಸಾಲಿಗೆ ಕಳಸ್ರಿ, ಕೂಸಿನ್ನ ನಾ ನೋಡ್ಕೋತೇನಿ," ಎಂದು ಆ ತಾಯಿಯನ್ನು ಒಪ್ಪಿಸಿದಳು. ಹೆಡ್‌ಮಾಸ್ತರರು ಗೊಣಗುತ್ತಲೇ ಆ ಹುಡುಗಿಯನ್ನು ಸೇರಿಸಿಕೊಂಡರು.

ಸೋಮವಾರ ಬೆಳಿಗ್ಗೆ ಇವಳೂ ಬಸ್ಸಿನ ಹತ್ತಿರ ಬಂದಳು. ಬೆನ್ನಿಗೆ ಚೀಲವಿರಲಿಲ್ಲ, ಬಗಲಲ್ಲಿ ಆ ಕೂಸಿತ್ತು. "ನಿನಗ ಜೋಡಿ ಸಿಕ್ಕಳಲ್ಲ. ಇನ್ನ ನನ್ನ ಬಿಡು," ಎಂದಳು. ಬಸ್ಸು ಹೊರಟಾಗ ಕೂಸಿನ ಕೈ ಹಿಡಿದು ನಮಗೆ ಟಾಟಾ ಮಾಡಿಸಿದಳು.

ಮುಂದೆ ಅವಳನ್ನು ಸಾಲೋಟಗಿಗೆ ಮದುವೆ ಮಾಡಿ ಕೊಟ್ಟರು. ನಾನು ಓದಿದೆ, ನೌಕರಿ ಹಿಡಿದೆ. ಹಬ್ಬಕ್ಕೆ ಸಿಕ್ಕಾಗ ನಗುನಗುತ್ತಲೇ ಮಾತಾಡುತ್ತಿದ್ದಳು, ಸಾಲಿಯ ಸುದ್ದಿ ಮಾತ್ರ ಎತ್ತುತ್ತಿರಲಿಲ್ಲ. ಹೋದ ವರ್ಷ ಕಾಮಾಲೆಯಾಗಿ ತೀರಿಕೊಂಡಳು. ನನಗೆ ಸುದ್ದಿ ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು.

ಈ ರವಿವಾರ ಮನಸ್ಸು ತಡೆಯದೆ ಊರಿಗೆ ಹೋದೆ. ಅವಳ ತಾಯಿಯನ್ನು ನಾನು ದೊಡ್ಡವ್ವ ಎನ್ನುತ್ತೇನೆ. ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಎದ್ದು ಚಹಾ ಮಾಡಿಕೊಟ್ಟು ಮತ್ತೆ ಜೋಳಕ್ಕೆ ಕೈ ಹಾಕಿದಳು.

"ನಿನಗ ವಿದ್ಯಾ ಹತ್ತಿತವ್ವಾ. ನಮ್ಮಕಿಗಿ ಹತ್ತಲಿಲ್ಲ," ಎಂದಳು.

ಇಷ್ಟು ವರ್ಷ ಹಾಗೆಯೇ ನಂಬಿಕೊಂಡು ಬಂದಿದ್ದಳು. ನನಗೆ ತಡೆಯಲಾಗಲಿಲ್ಲ.

"ಹತ್ತಿತ್ತು ದೊಡ್ಡವ್ವ. ನನಕಿಂತ ಜಾಸ್ತಿ ಹತ್ತಿತ್ತು. ಹೈಸ್ಕೂಲಿನ್ಯಾಗ ಅಕಿನ್ನ ಯಾರೂ ಎಬ್ಬಿಸಿ ಕೇಳಲಿಲ್ಲ, ಅಷ್ಟ."

ದೊಡ್ಡವ್ವನ ಕೈ ಜೋಳದಲ್ಲೇ ನಿಂತಿತು.

"ಇದನ್ನ ಅಕಿ ಇದ್ದಾಗ ಹೇಳಬಾರದಿತ್ತೇನವ್ವಾ?" ಎಂದಳು. "ನಾ ಅಕಿಗಿ ದಡ್ಡಿ ಅಂತ ಭಾಳ ಬೈದೇನಿ."